ಅರ್ಧ ದವಡೆಯ ಪೂರ್ವಜ

ಶಿವಪಿಥೆಕಸ್, ರಾಮಪಿಥೆಕಸ್, ಬ್ರಹ್ಮಪಿಥೆಕಸ್, ಸುಗ್ರೀವಪಿಥೆಕಸ್. ಹಿಮಾಲಯದ ಬುಡದುದ್ದಕ್ಕೂ ಹಬ್ಬಿರುವ ಶಿವಾಲಿಕ್ ಬೆಟ್ಟಗಳಲ್ಲಿ ಪಳೆಯುಳಿಕೆಯಾಗಿ ಸಿಕ್ಕ ಬಾಲವಿಲ್ಲದ ವಾನರಗಳಿಗೆ ವಿಜ್ಞಾನಿಗಳು ಇಟ್ಟ ಹೆಸರುಗಳಿವು. ಮೊದಲನೆಯದನ್ನು 1910ರಲ್ಲಿ ಇಟ್ಟವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಗೈ ಪಿಲ್‌ಗ್ರಿಮ್. ಉಳಿದ ಮೂರನ್ನು 1934ರಲ್ಲಿ ಒಂದೇ ಲೇಖನದಲ್ಲಿ ಇಟ್ಟವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತರುಣ ಸಂಶೋಧಕ ಜಿ. ಎಡ್ವರ್ಡ್ ಲೂಯಿಸ್. ನಾಲ್ವರಲ್ಲಿ ಜಗತ್ಪ್ರಸಿದ್ಧನಾದವನು ರಾಮ ಒಬ್ಬನೇ. 1960ರ ದಶಕದಿಂದ ಸುಮಾರು ಇಪ್ಪತ್ತು ವರ್ಷ, ಮನುಷ್ಯವಂಶದ ಮೊದಲ ಕೊಂಡಿ ಎಂದರೆ ರಾಮಪಿಥೆಕಸ್ ಎಂದು ದೇಶದೇಶಗಳ ಪಠ್ಯಪುಸ್ತಕಗಳು ಬರೆದವು. ಆಮೇಲೆ ಅವನನ್ನು ಆ ಪೀಠದಿಂದ ಇಳಿಸಿದರು. ಇಳಿಸಿದವರಲ್ಲಿ ಮುಖ್ಯರಾದವರು ಅವನನ್ನು ಏರಿಸಿದವರಲ್ಲೇ ಒಬ್ಬರು.

ಮಾನವ ವಿಕಾಸದ ಮಾತು ಬಂದಾಗಲೆಲ್ಲ ನಾವು ಇಥಿಯೋಪಿಯಾದಲ್ಲಿ ಸಿಕ್ಕ ಲೂಸಿ ಎಂಬ ಪಳೆಯುಳಿಕೆಯ ಕತೆ ಹೇಳುತ್ತೇವೆ. ಗೆದ್ದವರ ಕತೆ ಹೇಳುವುದು ಸುಲಭ. ಆದರೆ ಈ ವಿಜ್ಞಾನ ಹೇಗೆ ನಡೆಯುತ್ತದೆ, ಒಂದು ಮೂಳೆಯಿಂದ ಎಷ್ಟು ಹೇಳಬಹುದು, ಎಷ್ಟನ್ನು ಹೇಳಬಾರದು ಎಂದು ತಿಳಿಯಬೇಕಾದರೆ ಸೋತ ಈ ವಾನರನ ಕತೆಯೇ ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ.

ಶಿವಾಲಿಕ್ ಎಂದರೆ ಮೂಲತಃ ನದಿಗಳು ತಂದು ಸುರಿದ ಮರಳು, ಹೂಳು, ಜೇಡಿ. ಹಿಮಾಲಯ ಮೇಲೇರುತ್ತಿದ್ದ ಹಾಗೆ ಅದನ್ನು ಕೊರೆದು ಹರಿದ ಹೊಳೆಗಳು ಕೋಟ್ಯಂತರ ವರ್ಷ ಬುಡದಲ್ಲಿ ಪದರದ ಮೇಲೆ ಪದರ ಹೂಳು ಪೇರಿಸಿದವು. ಸತ್ತ ಪ್ರಾಣಿಗಳ ಮೂಳೆಗಳು ಆ ಹೂಳಿನಲ್ಲಿ ಹುದುಗಿ ಕಲ್ಲಾದವು. ಮುಂದೆ ಆ ಪದರಗಳೇ ಮಡಿಸಿಕೊಂಡು ಬೆಟ್ಟಗಳಾಗಿ ಎದ್ದು ನಿಂತವು. 1830ರ ದಶಕದಲ್ಲಿ ಹ್ಯೂ ಫಾಲ್ಕನರ್ ಎಂಬ ವೈದ್ಯರೂ, ಮುಂದೆ ಗಂಗಾ ಕಾಲುವೆ ಕಟ್ಟಿದ ಪ್ರೋಬಿ ಕಾಟ್ಲಿ ಎಂಬ ಎಂಜಿನಿಯರರೂ ಇಲ್ಲಿ ಅಗೆದು ದೈತ್ಯ ಆಮೆ, ಜಿರಾಫೆಯ ಬಳಗದ ಶಿವಥೇರಿಯಮ್ ಮುಂತಾದವನ್ನು ಹೊರತೆಗೆದಾಗ ಯೂರೋಪಿನ ವಿದ್ವಾಂಸರು ಬೆರಗಾಗಿದ್ದರು. ಆ ಸಾಲಿನಲ್ಲಿ ಎಲ್ಲೋ ವಾನರವೂ ಇರಲೇಬೇಕೆಂಬ ನಿರೀಕ್ಷೆ ಅಂದಿನಿಂದಲೇ ಇತ್ತು. ಪಿಲ್‌ಗ್ರಿಮ್ ಅಂತೂ 1915ರಲ್ಲೇ ತಮ್ಮ ಶಿವಪಿಥೆಕಸ್ ಮನುಷ್ಯನ ಪೂರ್ವಜರ ಕಡೆಯದು ಎಂದು ವಾದಿಸಿದ್ದರು. ಯಾರೂ ಹೆಚ್ಚು ಕಿವಿಗೊಡಲಿಲ್ಲ.

ಲೂಯಿಸ್ ಬಂದದ್ದು 1932ರಲ್ಲಿ, ಇಂದಿನ ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಗೆ ಸೇರಿದ ಹರಿತಲ್ಯಾಂಗರ್ ಎಂಬ ಊರಿಗೆ. ಅಲ್ಲಿ ಅವರಿಗೆ ಸಿಕ್ಕಿದ್ದು ಮೇಲ್ದವಡೆಯ ಬಲಭಾಗದ ಒಂದು ತುಂಡು. ಅದರಲ್ಲಿ ಅರೆಯುವ ಹಲ್ಲುಗಳು ಕೆಲವು ಉಳಿದಿದ್ದವು. ಕೋರೆಹಲ್ಲು ಬಿದ್ದುಹೋಗಿ ಅದು ಕೂತಿದ್ದ ಗುಳಿ ಮಾತ್ರ ಇತ್ತು. ಗುಳಿ ಚಿಕ್ಕದು, ಮುಖ ಮೋಟು, ಹಲ್ಲುಸಾಲು ಬಾಗಿದಂತಿದೆ, ಆದ್ದರಿಂದ ಇದು ಚಿಂಪಾಂಜಿ ಗೊರಿಲ್ಲಾಗಳಿಗಿಂತ ಮನುಷ್ಯನಿಗೆ ಹತ್ತಿರ ಎಂದು ಅವರಿಗೆ ಕಂಡಿತು. ಮೋಟು ಮೂತಿ ಎಂಬ ಅರ್ಥ ಬರುವಂತೆ ‘ರಾಮಪಿಥೆಕಸ್ ಬ್ರೆವಿರಾಸ್ಟ್ರಿಸ್’ ಎಂದು ಹೆಸರಿಟ್ಟರು. ಆಗಿನ ಅಮೆರಿಕದ ಮಾನವಶಾಸ್ತ್ರದ ಹಿರಿಯ ಅಲೆಶ್ ಹ್ರ್ಡ್‌ಲಿಚ್ಕಾ ಮರುವರ್ಷವೇ ಅದನ್ನು ಖಂಡಿಸಿ ಬರೆದರು. ದೊಡ್ಡವರು ಬೇಡ ಎಂದ ಮೇಲೆ ಆ ತುಂಡು ಯೇಲ್‌ನ ಪೀಬಾಡಿ ವಸ್ತುಸಂಗ್ರಹಾಲಯದಲ್ಲಿ ಕಾಲು ಶತಮಾನ ಸುಮ್ಮನೆ ಕೂತಿತು.

1961ರಲ್ಲಿ ಅದನ್ನು ಮತ್ತೆ ಕೈಗೆತ್ತಿಕೊಂಡವರು ಅದೇ ಯೇಲ್‌ನ ಎಲ್ವಿನ್ ಸೈಮನ್ಸ್. ಲೂಯಿಸ್ ಹೇಳಿದ್ದೇ ಸರಿ, ಇದು ಮನುಷ್ಯವಂಶದ್ದೇ ಎಂದು ಅವರು ಘೋಷಿಸಿದರು. ಸ್ವಲ್ಪ ಕಾಲದಲ್ಲೇ ಡೇವಿಡ್ ಪಿಲ್‌ಬೀಮ್ ಎಂಬ ಚುರುಕು ತರುಣ ಅವರ ಜೊತೆಗೂಡಿದರು. ಇಬ್ಬರೂ ಸೇರಿ ಏಷ್ಯಾ, ಆಫ್ರಿಕ, ಯೂರೋಪುಗಳ ಹಳೆಯ ವಾನರ ಪಳೆಯುಳಿಕೆಗಳನ್ನೆಲ್ಲ ತಿರುವಿಹಾಕಿ, ಬೇಡದ ಹೆಸರುಗಳ ಕಳೆ ಕಿತ್ತರು. ಒಂದು ಚೂರು ಹಲ್ಲು ಸಿಕ್ಕರೂ ಹೊಸ ಹೆಸರಿಡುವ ಚಟ ಆ ಕಾಲದಲ್ಲಿ ವಿಪರೀತವಾಗಿತ್ತು, ಆದ್ದರಿಂದ ಇದು ನಿಜಕ್ಕೂ ದೊಡ್ಡ ಉಪಕಾರ. ಬ್ರಹ್ಮನೂ ಸುಗ್ರೀವನೂ ಆ ಶುಚಿಗೊಳಿಸುವಿಕೆಯಲ್ಲಿ ಮಾಯವಾದರು. ರಾಮ ಉಳಿದ, ಅಷ್ಟೇ ಅಲ್ಲ, ಬೆಳೆದ. ಕೀನ್ಯಾದ ಫೋರ್ಟ್ ಟರ್ನನ್ ಎಂಬಲ್ಲಿ ಲೂಯಿ ಲೀಕಿ ಅವರಿಗೆ ಸಿಕ್ಕಿದ್ದ, ಅವರು ಕೀನ್ಯಪಿಥೆಕಸ್ ಎಂದು ಕರೆದಿದ್ದ ದವಡೆ ಚೂರುಗಳೂ ರಾಮಪಿಥೆಕಸ್ಸೇ ಎಂದು ಸೈಮನ್ಸ್ ಸೇರಿಸಿಕೊಂಡರು. ಅಲ್ಲಿನ ಜ್ವಾಲಾಮುಖಿ ಪದರಗಳ ವಯಸ್ಸು ಸುಮಾರು 1.4 ಕೋಟಿ ವರ್ಷ ಎಂದು ಲೆಕ್ಕ ಸಿಕ್ಕಿತ್ತು. ಹಾಗಾದರೆ ಮನುಷ್ಯನ ಕವಲು ವಾನರಗಳಿಂದ ಒಡೆದದ್ದು ಅದಕ್ಕೂ ಮೊದಲು ಎಂದಾಯಿತು.

ಈಗ ಆ ತುಂಡಿನ ವಿಷಯಕ್ಕೆ ಬರೋಣ, ಏಕೆಂದರೆ ಇಡೀ ಪ್ರಕರಣದ ಕೀಲು ಇರುವುದು ಅಲ್ಲಿ. ಚಿಂಪಾಂಜಿ, ಗೊರಿಲ್ಲಾಗಳ ಅಂಗುಳ ನೋಡಿದರೆ ಎಡಬಲದ ಹಲ್ಲುಸಾಲುಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮಾನಾಂತರವಾಗಿ ಹೋಗುತ್ತವೆ. ಮನುಷ್ಯನಲ್ಲಿ ಅವು ಹಿಂದಕ್ಕೆ ಹೋದಂತೆ ಅಗಲವಾಗಿ ಕಮಾನಿನ ಆಕಾರ ತಳೆಯುತ್ತವೆ. ಹರಿತಲ್ಯಾಂಗರ್‌ನ ತುಂಡಿನಲ್ಲಿ ಬಲಭಾಗ ಮಾತ್ರ ಇದ್ದುದರಿಂದ ಅದರ ಕನ್ನಡಿ ಪ್ರತಿಬಿಂಬವನ್ನು ಎಡಕ್ಕೆ ಜೋಡಿಸಿ ಪೂರ್ತಿ ಅಂಗುಳ ಮಾಡಿದರು. ಬಂದದ್ದು ಸೊಗಸಾದ ಕಮಾನು, ಥೇಟ್ ಮನುಷ್ಯನದ್ದು! ಬಳೆಯ ಚೂರೊಂದು ಸಿಕ್ಕರೆ ಅದರ ಬಾಗು ನೋಡಿ ಬಳೆಯ ಅಳತೆ ಹೇಳಬಹುದು, ಏಕೆಂದರೆ ಬಳೆ ಗುಂಡಗೇ ಇರುತ್ತದೆಂದು ನಮಗೆ ಮೊದಲೇ ಗೊತ್ತು. ದವಡೆಯ ವಿಷಯದಲ್ಲಿ ಆ ಖಾತರಿ ಇಲ್ಲ. ಬಾಯಿಯ ನಟ್ಟನಡುವಿನ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದು ತುಂಡಿನಲ್ಲೇ ಇದ್ದರೆ ಮಾತ್ರ ಎಡಬಲ ಜೋಡಿಸಲು ಸಾಧ್ಯ. ಇದರಲ್ಲಿ ಆ ನಡುಗೆರೆಯೇ ಮುರಿದುಹೋಗಿತ್ತು. ಗೆರೆಯನ್ನು ಒಂದಿಷ್ಟು ಆಚೆ ಸರಿಸಿ ತುಂಡನ್ನು ಒಂದಿಷ್ಟು ತಿರುಗಿಸಿದರೆ ಕಮಾನು ಹೋಗಿ ಸಮಾನಾಂತರ ಸಾಲುಗಳಾಗುತ್ತವೆ. ಯಾವುದು ಸರಿ ಎಂದು ಮೂಳೆ ಹೇಳುತ್ತಿರಲಿಲ್ಲ, ಜೋಡಿಸುವವರು ಹೇಳುತ್ತಿದ್ದರು.

ಹಲ್ಲಿನ ಮೇಲಿನ ಎನಾಮೆಲ್ ದಪ್ಪಗಿತ್ತು ಎಂಬುದು ಇನ್ನೊಂದು ಸಾಕ್ಷ್ಯ. ನಮ್ಮದೂ ದಪ್ಪ, ಚಿಂಪಾಂಜಿ ಗೊರಿಲ್ಲಾಗಳದು ತೆಳು. ಇದನ್ನು ಹುಸಿ ಎನ್ನುವಂತಿಲ್ಲ. ಆದರೆ ಗಟ್ಟಿ ಬೀಜ, ಒರಟು ಕಾಯಿ ಅಗಿಯುವ ಯಾವ ಪ್ರಾಣಿಗಾದರೂ ದಪ್ಪ ಎನಾಮೆಲ್ ಬೆಳೆಯಬಹುದು, ಒಂದೇ ವಂಶದವರೇ ಆಗಬೇಕಿಲ್ಲ.

ನಿಜವಾದ ಜಾರುದಾರಿ ಇದ್ದದ್ದು ಕೋರೆಹಲ್ಲಿನಲ್ಲಿ. ಡಾರ್ವಿನ್ 1871ರಲ್ಲಿ ಮನುಷ್ಯನ ಉಗಮದ ಬಗ್ಗೆ ಬರೆದಾಗ ಕೆಲವು ಸಂಗತಿಗಳನ್ನು ಒಂದೇ ಕಟ್ಟಾಗಿ ಕಟ್ಟಿದ್ದರು. ನಮ್ಮ ಪೂರ್ವಜರು ಎದ್ದು ನಿಂತರು, ಕೈಗಳು ಬಿಡುವಾದವು, ಕೈಗೆ ಕಲ್ಲು ಕೋಲು ಬಂದವು, ಕಚ್ಚಿ ಹೋರಾಡುವ ಅಗತ್ಯ ತಪ್ಪಿ ಕೋರೆಹಲ್ಲು ಕಿರಿದಾಯಿತು, ಜೊತೆಗೆ ಮಿದುಳು ಬೆಳೆಯಿತು. ಕಟ್ಟಿನಲ್ಲಿ ಒಂದು ಸಿಕ್ಕಿದರೆ ಉಳಿದವೂ ಇದ್ದೇ ಇರುತ್ತವೆ ಎಂಬ ನಂಬಿಕೆ ಆಮೇಲಿನವರಲ್ಲಿ ಬೇರುಬಿಟ್ಟಿತು. ರಾಮಪಿಥೆಕಸ್‌ಗೆ ಕೋರೆಹಲ್ಲು ಚಿಕ್ಕದು, ಅಂದಮೇಲೆ ಅದು ಆಯುಧ ಬಳಸುತ್ತಿದ್ದಿರಬೇಕು, ಆಯುಧ ಬಳಸಲು ಕೈ ಬಿಡುವಿರಬೇಕು, ಕೈ ಬಿಡುವಿರಲು ಎರಡು ಕಾಲಲ್ಲಿ ನಡೆಯುತ್ತಿರಬೇಕು. ಒಂದೇ ಒಂದು ಕಾಲಿನ ಮೂಳೆ, ಸೊಂಟದ ಮೂಳೆ, ಒಂದು ಕಲ್ಲಿನ ಉಪಕರಣ ಕೈಯಲ್ಲಿಲ್ಲದೆ, ಹಲ್ಲು ಬಿದ್ದ ಗುಳಿಯೊಂದರ ಆಧಾರದ ಮೇಲೆ ಒಂದು ಜೀವಿಯನ್ನು ಎಬ್ಬಿಸಿ ನಿಲ್ಲಿಸಿ ನಡೆಸಿಬಿಟ್ಟರು. ಪುಸ್ತಕಗಳಲ್ಲಿ ಚಿತ್ರಗಳೂ ಬಂದವು, ಹುಲ್ಲುಗಾವಲಿನಲ್ಲಿ ನೆಟ್ಟಗೆ ನಿಂತು ದೂರ ನೋಡುವ ರೋಮಮಯ ರಾಮಪಿಥೆಕಸ್.

ಇವರೆಲ್ಲ ಮೋಸಗಾರರಾಗಿರಲಿಲ್ಲ ಎಂದು ಒತ್ತಿ ಹೇಳಬೇಕು. ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ 1912ರಲ್ಲಿ ‘ಸಿಕ್ಕ’ ಆದಿಮಾನವ ಶುದ್ಧ ವಂಚನೆ. ಮನುಷ್ಯನ ಬುರುಡೆಗೆ ಒರಾಂಗುಟಾನ್‌ನ ದವಡೆ ಸೇರಿಸಿ, ಹಲ್ಲು ಉಜ್ಜಿ, ಬಣ್ಣ ಹಚ್ಚಿದ್ದ ಆ ನಕಲಿ ಮಾಲು ಬಯಲಾದದ್ದು 1953ರಲ್ಲಿ. ರಾಮಪಿಥೆಕಸ್ ಬೇರೆ ಜಾತಿಯ ತಪ್ಪು. ಮೂಳೆ ಅಸಲಿ, ಸಂಶೋಧಕರು ಪ್ರಾಮಾಣಿಕರು, ಕೆಲಸ ಶ್ರದ್ಧೆಯದು. ಇಷ್ಟಿದ್ದೂ ತೀರ್ಮಾನ ದಾರಿತಪ್ಪಿತು. ನನಗೆ ಇದೇ ಹೆಚ್ಚು ಕುತೂಹಲದ ಸಂಗತಿ.

ಮೊದಲ ಪೆಟ್ಟು ಬಂದದ್ದು ಮೂಳೆ ಅಗೆಯದ ಜನರಿಂದ. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಆಲನ್ ವಿಲ್ಸನ್ ಎಂಬಿಬ್ಬರು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಹಿಡಿದು ಕೂತಿದ್ದರು. ಮನುಷ್ಯನ ಆಲ್ಬುಮಿನ್ನನ್ನು ಮೊಲಕ್ಕೆ ಚುಚ್ಚಿದರೆ ಮೊಲದ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳನ್ನು ಬೇರೆ ಪ್ರಾಣಿಗಳ ಆಲ್ಬುಮಿನ್ ಜೊತೆ ಬೆರೆಸಿ ನೋಡಬೇಕು. ಹತ್ತಿರದ ಸಂಬಂಧಿಯಾದರೆ ಪ್ರತಿಕ್ರಿಯೆ ಜೋರು, ದೂರದವರಾದರೆ ಮಂದ. ಚಿಂಪಾಂಜಿ ಮತ್ತು ಗೊರಿಲ್ಲಾಗಳ ಆಲ್ಬುಮಿನ್ ಮನುಷ್ಯನದಕ್ಕಿಂತ ಹೆಚ್ಚು ಬೇರೆಯಾಗಿ ಕಾಣಲೇ ಇಲ್ಲ. ಇಂಥ ಪ್ರೋಟೀನುಗಳು ಕಾಲಕ್ಕೆ ತಕ್ಕಂತೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬದಲಾಗುತ್ತವೆಂದು ಇಟ್ಟುಕೊಂಡು, ಕೋತಿಗಳೂ ವಾನರಗಳೂ ಬೇರೆಯಾದದ್ದು 3 ಕೋಟಿ ವರ್ಷದ ಹಿಂದೆ ಎಂಬುದನ್ನು ಅಳತೆಗೋಲು ಮಾಡಿಕೊಂಡು ಅವರು ಲೆಕ್ಕ ಹಾಕಿದರು. 1967ರ ಕೊನೆಗೆ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಉತ್ತರ: ಮನುಷ್ಯನ ಕವಲು ಆಫ್ರಿಕದ ವಾನರಗಳಿಂದ ಒಡೆದದ್ದು ಕೇವಲ 50 ಲಕ್ಷ ವರ್ಷದ ಹಿಂದೆ.

50 ಲಕ್ಷವೆಲ್ಲಿ, 1.4 ಕೋಟಿಯೆಲ್ಲಿ. ಎರಡೂ ಏಕಕಾಲಕ್ಕೆ ಸರಿಯಾಗಿರಲು ಸಾಧ್ಯವೇ ಇರಲಿಲ್ಲ. ಪಳೆಯುಳಿಕೆಯವರು ಸಿಟ್ಟಾದರು. ಪ್ರಯೋಗಶಾಲೆಯಲ್ಲಿ ಮೊಲಕ್ಕೆ ಸೂಜಿ ಚುಚ್ಚುವವರಿಗೆ ಕಲ್ಲುಬೆಟ್ಟದ ಇತಿಹಾಸ ಏನು ಗೊತ್ತು ಎಂಬ ಧಾಟಿಯ ಉತ್ತರಗಳು ಬಂದವು. ಪ್ರೋಟೀನಿನ ಗಡಿಯಾರವೇ ನಿಧಾನವಾಗಿರಬೇಕು ಎಂದರು. ಸಾರಿಚ್ ಕೂಡ ಸುಮ್ಮನಿರುವ ಜಾಯಮಾನದವರಲ್ಲ. ಸುಮಾರು 80 ಲಕ್ಷ ವರ್ಷಕ್ಕಿಂತ ಹಳೆಯ ಯಾವ ಪಳೆಯುಳಿಕೆಯೂ, ಅದು ನೋಡಲು ಹೇಗೇ ಇರಲಿ, ಮನುಷ್ಯವಂಶದ್ದಾಗಲಾರದು ಎಂದು ಅವರು ಬರೆದುಬಿಟ್ಟರು. ಹೀಗೆ ಮೂಳೆ ನೋಡದೆಯೇ ತೀರ್ಪು ಕೊಡುವುದನ್ನು ಮೂಳೆಯ ಜೊತೆ ಬದುಕು ಸವೆಸಿದವರು ಹೇಗೆ ತಡೆದುಕೊಂಡಾರು? ಜಗಳ ಹತ್ತು ಹನ್ನೆರಡು ವರ್ಷ ನಡೆಯಿತು.

ಅಷ್ಟರಲ್ಲಿ ಆಫ್ರಿಕದಿಂದ ಬೇರೆ ಬಗೆಯ ಸಾಕ್ಷ್ಯ ಬರತೊಡಗಿತ್ತು. 1974ರ ನವೆಂಬರ್ 24ರಂದು ಇಥಿಯೋಪಿಯಾದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ಅವರ ತಂಡಕ್ಕೆ ಲೂಸಿ ಸಿಕ್ಕಳು. ವಯಸ್ಸು ಸುಮಾರು 32 ಲಕ್ಷ ವರ್ಷ. ಅಸ್ಥಿಪಂಜರದ ಸುಮಾರು ಶೇ. 40 ಭಾಗ ಉಳಿದಿತ್ತು. ಸೊಂಟ ಮತ್ತು ತೊಡೆಯ ಮೂಳೆ ಕಣ್ಣೆದುರಿಗಿದ್ದುದರಿಂದ ಅವಳು ಎರಡು ಕಾಲಲ್ಲಿ ನಡೆಯುತ್ತಿದ್ದಳೆಂಬುದು ಊಹೆಯಾಗಿ ಉಳಿಯಲಿಲ್ಲ. ಮಿದುಳು ಮಾತ್ರ ಚಿಂಪಾಂಜಿಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಅಂದರೆ ಡಾರ್ವಿನ್ ಕಟ್ಟಿದ ಕಟ್ಟು ಒಟ್ಟಿಗೆ ಬಂದದ್ದೇ ಅಲ್ಲ. ಒಂದೊಂದು ಗುಣ ಒಂದೊಂದು ಕಾಲಕ್ಕೆ ಬಂತು. ಇನ್ನೊಂದು ಸಂಗತಿ ರಾಮಪಿಥೆಕಸ್ ಪಕ್ಷಕ್ಕೆ ನುಂಗಲಾರದ ತುತ್ತಾಯಿತು. ಲೂಸಿಯ ಬಳಗದ ದವಡೆಗಳಲ್ಲಿ ನಮ್ಮ ಕಮಾನು ಇರಲಿಲ್ಲ, ಅವು ವಾನರದ ದವಡೆಯ ಕಡೆಗೇ ವಾಲುತ್ತಿದ್ದವು. ಎದ್ದು ನಡೆದ ನಿಜವಾದ ಪೂರ್ವಜಳಿಗೆ ಮನುಷ್ಯದವಡೆ ಇಲ್ಲ, ಅವಳಿಗಿಂತ ಒಂದು ಕೋಟಿ ವರ್ಷ ಹಿಂದಿನವನಿಗೆ ಇದೆ! ಎಲ್ಲೋ ಲೆಕ್ಕ ತಪ್ಪಿದೆಯೆಂದು ಯಾರಿಗಾದರೂ ಅನ್ನಿಸಬೇಕಿತ್ತು.

ಪಿಲ್‌ಬೀಮ್‌ಗೆ ಅನ್ನಿಸಿತು. ಅವರು ಮಾಡಿದ ಕೆಲಸ ಮೆಚ್ಚುವಂಥದ್ದು. ವಾದ ಮಾಡುತ್ತ ಕೂರುವ ಬದಲು ಇನ್ನಷ್ಟು ಮೂಳೆ ಹುಡುಕಲು ಹೊರಟರು. 1973ರಿಂದ ಪಾಕಿಸ್ತಾನದ ಭೂವೈಜ್ಞಾನಿಕ ಸರ್ವೇಕ್ಷಣೆಯೊಂದಿಗೆ ಸೇರಿ, ಶಿವಾಲಿಕ್ ಪದರಗಳೇ ಹರಡಿರುವ ಪೊಟ್ವಾರ್ ಪ್ರಸ್ಥಭೂಮಿಯನ್ನು ವರ್ಷವರ್ಷವೂ ಜಾಲಾಡಿದರು. ಹಲ್ಲು, ದವಡೆ ಚೂರುಗಳ ರಾಶಿಯೇ ಬಂತು. 1979-80ರ ಹಂಗಾಮಿನಲ್ಲಿ ಬಹುಕಾಲ ಕಾದದ್ದು ಸಿಕ್ಕಿತು: ಶಿವಪಿಥೆಕಸ್‌ನ ಒಂದು ಮುಖ. ಹುಬ್ಬು, ಕಣ್ಣಿನ ಗೂಡು, ಮೂಗು, ಮೇಲ್ದವಡೆ, ಕೆಳದವಡೆ ಎಲ್ಲವೂ ಒಂದೇ ಪ್ರಾಣಿಯದು.

ಮುಖ ನೋಡಿದೊಡನೆ ಅದು ಯಾರ ಕಡೆಯವರೆಂದು ಗೊತ್ತಾಯಿತು. ಕಣ್ಣುಗೂಡುಗಳು ಉದ್ದಕ್ಕಿದ್ದವು, ಅವುಗಳ ನಡುವಿನ ಅಂತರ ಕಿರಿದಾಗಿತ್ತು, ಮುಖ ಒಳಕ್ಕೆ ತಗ್ಗಿತ್ತು, ಮೂಗಿನ ತಳ ಅಂಗುಳಕ್ಕೆ ಇಳಿಯುವ ಕಡೆ ನುಣುಪಾಗಿತ್ತು. ಇವೆಲ್ಲ ಬೋರ್ನಿಯೋ, ಸುಮಾತ್ರಾ ಕಾಡುಗಳ ಒರಾಂಗುಟಾನ್‌ನ ಲಕ್ಷಣಗಳು. ಮನುಷ್ಯನದಾಗಲಿ ಆಫ್ರಿಕದ ವಾನರಗಳದಾಗಲಿ ಮುಖ ಹಾಗಿಲ್ಲ. ತುರ್ಕಿಯಲ್ಲಿ ಸಿಕ್ಕ ಇನ್ನೊಂದು ಮುಖದ ಬಗ್ಗೆಯೂ ಅದೇ ಹೊತ್ತಿಗೆ ಇದೇ ಮಾತು ಕೇಳಿಬಂದಿತ್ತು. ಪೊಟ್ವಾರ್‌ನ ಮುಖದ ವರದಿ 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ರಾಮಪಿಥೆಕಸ್ಸೂ ಶಿವಪಿಥೆಕಸ್ಸೂ ಎಷ್ಟು ಹತ್ತಿರವೆಂದರೆ ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೂ ಹೇಳಿದಂತೆ. ರಾಮಪಿಥೆಕಸ್ ಎಂದು ಹೆಸರಿಟ್ಟುಕೊಂಡಿದ್ದವು ಬಹುಪಾಲು ಶಿವಪಿಥೆಕಸ್‌ನ ಹೆಣ್ಣುಗಳೇ, ಅಂದರೆ ಗಂಡಿಗಿಂತ ಸಣ್ಣ ಮೈ ಮತ್ತು ಕಿರಿಯ ಕೋರೆಹಲ್ಲು ಇರುವವು ಎಂಬ ವಿವರಣೆ ಒಪ್ಪಿತವಾಯಿತು. ಆಯುಧ ಹಿಡಿದದ್ದರಿಂದ ಕೋರೆಹಲ್ಲು ಸಣ್ಣದಾಗಿರಲಿಲ್ಲ. ಹೆಣ್ಣಾಗಿದ್ದರಿಂದ ಸಣ್ಣದಿತ್ತು.

ಪಿಲ್‌ಬೀಮ್ ಇದನ್ನು ಗುಟ್ಟಾಗಿ ಒಪ್ಪಿಕೊಳ್ಳಲಿಲ್ಲ. ತಾನೂ ಸೈಮನ್ಸರೂ ಕಟ್ಟಿದ ವಾದ ನಿಲ್ಲುವುದಿಲ್ಲ ಎಂದು ಲೇಖನಗಳಲ್ಲಿ ಬರೆದರು. ಪಳೆಯುಳಿಕೆಯನ್ನು ನೋಡುವ ಕಣ್ಣಿನಲ್ಲಿ ಮೊದಲೇ ಒಂದು ಚಿತ್ರ ಕೂತಿರುತ್ತದೆಂದೂ, ತಮಗೂ ಹಾಗೇ ಆಗಿತ್ತೆಂದೂ ಮುಚ್ಚುಮರೆ ಇಲ್ಲದೆ ಹೇಳಿದರು. ಹೆಸರು ಗಳಿಸಿಕೊಟ್ಟ ಸಿದ್ಧಾಂತವನ್ನು ತಾವೇ ಕೈಯಾರೆ ಹೂಳಿದವರು ಯಾವ ಕ್ಷೇತ್ರದಲ್ಲೂ ಹೆಚ್ಚು ಜನ ಸಿಗುವುದಿಲ್ಲ.

ಹಾಗೆಂದು ಪೂರ್ತಿ ಗೆದ್ದವರು ಗಡಿಯಾರದವರು ಎಂದುಕೊಳ್ಳಬೇಡಿ. ಸಾರಿಚ್ ಮತ್ತು ವಿಲ್ಸನ್ ಹೇಳಿದ 50 ಲಕ್ಷವೂ ನಿಲ್ಲಲಿಲ್ಲ. 2001ರಲ್ಲಿ ಮಧ್ಯ ಆಫ್ರಿಕದ ಚಾಡ್‌ನ ಮರುಭೂಮಿಯಲ್ಲಿ ಮಿಶೆಲ್ ಬ್ರುನೆ ಅವರ ತಂಡಕ್ಕೆ ಸಿಕ್ಕ ‘ತೂಮಾಯಿ’ ಎಂಬ ತಲೆಬುರುಡೆಗೆ ಸುಮಾರು 70 ಲಕ್ಷ ವರ್ಷ. ಅದು ನಮ್ಮ ಕವಲಿನದೇ ಎಂಬ ಬಗ್ಗೆ ತಕರಾರು ಇದ್ದರೂ, ಇಂದಿನ ಡಿಎನ್‌ಎ ಲೆಕ್ಕಗಳು ಕವಲೊಡೆದ ಕಾಲವನ್ನು 60-70 ಲಕ್ಷದ ಆಸುಪಾಸಿಗೆ ತಂದಿವೆ. ಅವರು ಒರಾಂಗುಟಾನ್‌ಗೆ ಕೊಟ್ಟ ಕಾಲವಂತೂ ತೀರಾ ಈಚಿನದಾಗಿತ್ತು. ಅದನ್ನು ತಿದ್ದಿದ್ದು ಬೇರಾವುದೂ ಅಲ್ಲ, ಶಿವಾಲಿಕ್‌ನ ಪಳೆಯುಳಿಕೆಗಳೇ. ಸುಮಾರು 1.25 ಕೋಟಿ ವರ್ಷದ ಹಿಂದೆಯೇ ಶಿವಪಿಥೆಕಸ್ ಇದ್ದರೆ ಒರಾಂಗುಟಾನ್‌ನ ಕವಲು ಅದಕ್ಕಿಂತ ಹಿಂದೆ ಒಡೆದಿರಲೇಬೇಕು. ಹೀಗೆ ಮನುಷ್ಯನ ಪೂರ್ವಜನೆಂಬ ಪಟ್ಟ ಕಳೆದುಕೊಂಡ ವಾನರ, ತನ್ನನ್ನು ಇಳಿಸಿದ ಗಡಿಯಾರಕ್ಕೇ ಕೀಲಿ ತಿರುಗಿಸುವ ಕೆಲಸಕ್ಕೆ ಸೇರಿತು. ಈಗಲೂ ಅನೇಕ ಲೆಕ್ಕಗಳಲ್ಲಿ ಅದೇ ಆಧಾರ. ಅದರ ತೋಳಿನ ಮೂಳೆ ಮಾತ್ರ ಒರಾಂಗುಟಾನ್‌ನದಂತಿಲ್ಲ, ಆದ್ದರಿಂದ ಈ ಸಂಬಂಧವೂ ಪೂರಾ ಇತ್ಯರ್ಥವಾಗಿಲ್ಲ. ಪಿಲ್‌ಬೀಮ್ ತಾವೇ 1990ರಲ್ಲಿ ಆ ಅನುಮಾನವನ್ನೂ ಎತ್ತಿದರು.

ಆ ವಾನರಗಳು ಏನಾದವು? ಸುಮಾರು 80-85 ಲಕ್ಷ ವರ್ಷದ ಹಿಂದೆ ಪೊಟ್ವಾರ್‌ನ ಪದರಗಳಲ್ಲಿ ಅವುಗಳ ಸುಳಿವು ನಿಲ್ಲುತ್ತದೆ. ಅದೇ ಹೊತ್ತಿಗೆ ಅಲ್ಲಿ ಕಾಡು ಹಿಂದೆಗೆದು ಹುಲ್ಲುಗಾವಲು ಹಬ್ಬಿದ್ದನ್ನು ಹಳೆಯ ಮಣ್ಣಿನ ಇಂಗಾಲದ ಲೆಕ್ಕ ತೋರಿಸುತ್ತದೆ. ಹಣ್ಣಿನ ಕಾಡು ನಂಬಿದವರಿಗೆ ಜಾಗ ಉಳಿಯಲಿಲ್ಲ. ಇಂದು ಭಾರತದಲ್ಲಿ ಉಳಿದಿರುವ ಬಾಲವಿಲ್ಲದ ವಾನರವೆಂದರೆ ಈಶಾನ್ಯದ ಹೂಲಾಕ್ ಗಿಬ್ಬನ್ ಒಂದೇ.

ಇಷ್ಟಾದ ಮೇಲೆ ಒಂದು ಹಲ್ಲಿನಿಂದ ಕತೆ ಕಟ್ಟುವುದನ್ನು ವಿಜ್ಞಾನಿಗಳು ಬಿಟ್ಟರೇ ಎಂದರೆ, ಇಲ್ಲ. ಬಿಡಲು ಆಗುವುದೂ ಇಲ್ಲ. ಹಲ್ಲು ದೇಹದ ಅತಿ ಗಟ್ಟಿ ಭಾಗ, ಹಾಗಾಗಿ ಉಳಿಯುವುದೇ ಅದು. ಜಮ್ಮುವಿನ ರಾಮನಗರದಲ್ಲಿ 2015ರಲ್ಲಿ ಸಿಕ್ಕ ಒಂದೇ ಒಂದು ದವಡೆಹಲ್ಲಿಗೆ 2020ರಲ್ಲಿ ‘ಕಪಿ ರಾಮನಗರೆನ್ಸಿಸ್’ ಎಂದು ನಾಮಕರಣವಾಯಿತು. ಸುಮಾರು 1.3 ಕೋಟಿ ವರ್ಷ ಹಳೆಯದು, ಗಿಬ್ಬನ್‌ಗಳ ಅತಿ ಹಳೆಯ ಬಂಧು ಎಂದು ಅದನ್ನು ಕಂಡವರು ಹೇಳಿದರು. ಎರಡೇ ವರ್ಷದಲ್ಲಿ ಇನ್ನೊಂದು ತಂಡ, ಚೀನಾದ ಪಳೆಯುಳಿಕೆಗಳ ಜೊತೆ ಹೋಲಿಸಿ, ಇದು ಗಿಬ್ಬನ್ ಬಳಗದ್ದೇ ಅಲ್ಲ ಎಂದಿತು. ಇನ್ನೊಂದು ಕಡೆ ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ 2008ರಲ್ಲಿ ಸಿಕ್ಕ ಕಿರುಬೆರಳ ತುದಿಯ ಮೂಳೆಯಿಂದ 2010ರಲ್ಲಿ ಇಡೀ ಒಂದು ಹೊಸ ಮಾನವ ಬಳಗವೇ ಹೊರಬಂತು. ಅದಕ್ಕೆ ಮುಖವಿರಲಿಲ್ಲ, ದವಡೆಯಿರಲಿಲ್ಲ. ಆದರೆ ಮೂಳೆಯೊಳಗೆ ಡಿಎನ್‌ಎ ಉಳಿದಿತ್ತು. ಆ ಕೆಲಸಕ್ಕೆ ನಾಯಕರಾಗಿದ್ದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಹರಿತಲ್ಯಾಂಗರ್‌ನ ತುಂಡಿನಷ್ಟೂ ದೊಡ್ಡದಲ್ಲದ ಚೂರೊಂದು ಗಟ್ಟಿ ಸಾಕ್ಷಿಯಾಯಿತು, ಏಕೆಂದರೆ ಅದನ್ನು ಬೇರೆ ದಾರಿಯಿಂದಲೂ ಒರೆಗೆ ಹಚ್ಚಲು ಸಾಧ್ಯವಿತ್ತು.

ಡಿಎನ್‌ಎ ತಂಪಿನಲ್ಲಿ ಬಾಳುತ್ತದೆ, ಸೆಕೆಯಲ್ಲಿ ಬೇಗ ಹಾಳಾಗುತ್ತದೆ. ನಮ್ಮ ಕಡೆಯ ಪಳೆಯುಳಿಕೆಗಳಿಗೆ ಇದು ದೊಡ್ಡ ತೊಡಕು. 1982ರ ಡಿಸೆಂಬರ್‌ನಲ್ಲಿ, ರಾಮಪಿಥೆಕಸ್ ಕಣ್ಮರೆಯಾದ ಅದೇ ವರ್ಷ, ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಾಕಿಯಾ ಅವರಿಗೆ ಮಧ್ಯಪ್ರದೇಶದ ಹಥ್‌ನೋರಾ ಬಳಿ ನರ್ಮದೆಯ ದಂಡೆಯಲ್ಲಿ ತಲೆಬುರುಡೆಯ ಮೇಲ್ಭಾಗವೊಂದು ಸಿಕ್ಕಿತು. ಭಾರತದಲ್ಲಿ ದೊರೆತ ಪುರಾತನ ಮಾನವನ ತಲೆಬುರುಡೆ ಎಂದರೆ ಇದೊಂದೇ. ಸೋನಾಕಿಯಾ ಅದನ್ನು ಹೋಮೋ ಎರೆಕ್ಟಸ್ ಎಂದರು. 1991ರಲ್ಲಿ ಕೆನೆತ್ ಕೆನಡಿ ಮತ್ತು ಜೊತೆಗಾರರು, ಮಿದುಳಿನ ಗಾತ್ರ 1155ರಿಂದ 1421 ಘನ ಸೆಂಟಿಮೀಟರ್ ಇರಬೇಕೆಂದು ಅಂದಾಜಿಸಿ, ಹೋಮೋ ಸೇಪಿಯನ್ಸ್‌ನ ಹಳೆಯ ರೂಪ ಎಂದರು. ಅದರ ವಯಸ್ಸಿನ ಬಗ್ಗೆಯೂ ಒಮ್ಮತವಿಲ್ಲ. ಹಾಗಿದ್ದೂ ಯಾರೂ ಅದಕ್ಕೆ ಕೈಕಾಲು ಜೋಡಿಸಿ ಓಡಿಸಲು ಹೋಗಿಲ್ಲ. ಶಿವಾಲಿಕ್‌ನ ಪಾಠ ಅಷ್ಟರಮಟ್ಟಿಗೆ ಕೆಲಸ ಮಾಡಿದೆ.

ನಮ್ಮ ರಾಜ್ಯದ ವಿಷಯ ಇನ್ನೂ ವಿಚಿತ್ರ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ, ಇಸಾಂಪುರ ಎಂಬಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಉತ್ಖನನ ನಡೆಸಿ ಆದಿಮಾನವರ ಕಲ್ಲಿನ ಕಾರ್ಖಾನೆಯನ್ನೇ ಬಯಲು ಮಾಡಿದರು. ಸುಣ್ಣದ ಕಲ್ಲಿನ ಚಪ್ಪಡಿ ಆರಿಸಿ, ಒಡೆದು, ಕೈಗೊಡಲಿ ತಯಾರಿಸುತ್ತಿದ್ದ ಜಾಗ. ಅಲ್ಲೇ ಸಿಕ್ಕ ಪ್ರಾಣಿಹಲ್ಲಿನ ಎನಾಮೆಲ್ ಪರೀಕ್ಷಿಸಿ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಅವರ ತಂಡ ಅಗೆದ ಇಂಥದೇ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಎಂದು 2011ರಲ್ಲಿ ಪ್ರಕಟವಾಯಿತು. ಎರಡೂ ಕಡೆ ಕೈಕೆಲಸ ಸಿಕ್ಕಿದೆ, ಆ ಕೈಯ ಒಂದು ಮೂಳೆಯೂ ಸಿಕ್ಕಿಲ್ಲ. ಯಾರು ಮಾಡಿದರು? ಆಫ್ರಿಕದಲ್ಲಿ ಇಂಥ ಉಪಕರಣಗಳ ಜೊತೆ ಹೋಮೋ ಎರೆಕ್ಟಸ್ ಬಳಗದವರ ಮೂಳೆ ಸಿಗುತ್ತದೆ, ಆದ್ದರಿಂದ ಇಲ್ಲೂ ಅವರೇ ಇದ್ದಿರಬಹುದು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನಿಲ್ಲಬೇಕಾದದ್ದೂ ಅಲ್ಲಿಯೇ. ಹುಣಸಗಿಯ ಹೊಲಗಳ ಕೈಗೊಡಲಿಗಳು ನೂರಾರು ಮಾತು ಹೇಳುತ್ತವೆ: ಎಂಥ ಕಲ್ಲು ಒಡೆಯುತ್ತದೆಂದು ಗೊತ್ತಿತ್ತು, ನೀರಿನ ಬಳಿ ತಂಗುತ್ತಿದ್ದರು, ಮುಂದಾಲೋಚನೆ ಇತ್ತು. ಮುಖ ಹೇಗಿತ್ತು ಎಂದು ಮಾತ್ರ ಅವು ಹೇಳವು.

ಇಷ್ಟೆಲ್ಲ ಇಂದು ಬರೆಯಲು ಒಂದು ಕಾರಣವಿದೆ. ದ್ವಿತೀಯ ಪಿಯುಸಿ ಜೀವಶಾಸ್ತ್ರಕ್ಕೆ ನಮ್ಮಲ್ಲಿ ಎನ್‌ಸಿಇಆರ್‌ಟಿ ಪುಸ್ತಕವೇ ಪಠ್ಯ. ಅದರ ವಿಕಾಸದ ಅಧ್ಯಾಯದಲ್ಲಿ, ಸುಮಾರು 1.5 ಕೋಟಿ ವರ್ಷದ ಹಿಂದೆ ಡ್ರಯೋಪಿಥೆಕಸ್ ಮತ್ತು ರಾಮಪಿಥೆಕಸ್ ಎಂಬ ಎರಡು ಇದ್ದವು, ಅವುಗಳಲ್ಲಿ ರಾಮಪಿಥೆಕಸ್ಸೇ ಹೆಚ್ಚು ಮನುಷ್ಯನಂತಿತ್ತು ಎಂಬ ಮಾತನ್ನು ಮಕ್ಕಳು ಓದುತ್ತ ಬಂದಿದ್ದಾರೆ. ಜಗತ್ತು 1980ರ ದಶಕದಲ್ಲೇ ಕೈಬಿಟ್ಟ ಹೆಸರು ಅದು. ನೀಟ್ ಪರೀಕ್ಷೆಗೆ ಕೂರುವವರು ಆ ಪುಸ್ತಕವನ್ನು ಸಾಲುಸಾಲು ಬಾಯಿಪಾಠ ಮಾಡುವುದರಿಂದ ಈ ಸಾಲೂ ಲಕ್ಷಾಂತರ ತಲೆಗಳಲ್ಲಿ ಕೂರುತ್ತದೆ.

ಪಠ್ಯ ಪರಿಷ್ಕರಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ಆ ಹೆಸರನ್ನು ತೆಗೆದುಹಾಕಬೇಡಿ. ಅದರ ಪಕ್ಕದಲ್ಲಿ ಸಾರಿಚ್, ವಿಲ್ಸನ್, ಪಿಲ್‌ಬೀಮ್ ಎಂಬ ಮೂರು ಹೆಸರುಗಳನ್ನೂ 1967, 1982 ಎಂಬ ಎರಡು ಇಸವಿಗಳನ್ನೂ ಸೇರಿಸಿ, ಏನಾಯಿತೆಂದು ಒಂದು ಪುಟ ಬರೆಯಿರಿ. ಅದು ಆಗುವವರೆಗೆ ಕಾಲೇಜಿನ ಮೇಷ್ಟ್ರುಗಳು ಆ ಪುಟವನ್ನು ಬಾಯಲ್ಲಾದರೂ ಹೇಳಲಿ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಸದ್ಯಕ್ಕೆ ಪುಸ್ತಕದ ಉತ್ತರವನ್ನೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ.